ಜಪಾನಿನ ಟ್ಯೂನಿಂಗ್ ಮತ್ತು ಡ್ರಿಫ್ಟಿಂಗ್ ನೋಡಲು ಹೊರಟವರು ಎಲ್ಲಿಗೆ, ಯಾವಾಗ ಹೋಗಬೇಕು?

ಪ್ರಶ್ನೆ: ಗಿರಿತಿರುವು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಕಾಫಿ ತೋಟಗಳ ನಡುವಿನ ಮಣ್ಣಿನ ದಾರಿಗಳಲ್ಲಿ ನಡೆಯುವ ರ‍್ಯಾಲಿಗಳನ್ನು ನೋಡುತ್ತಲೇ ಬೆಳೆದವನು ನಾನು. ಕಾರೊಂದು ಅಡ್ಡಲಾಗಿ ಜಾರುತ್ತ ತಿರುವು ದಾಟುವುದನ್ನು ಮೊದಲು ಕಂಡದ್ದು ಅಲ್ಲಿಯೇ. ಆದರೆ ಆ ಜಾರುವಿಕೆಯನ್ನೇ ಡ್ರಿಫ್ಟಿಂಗ್ ಎಂಬ ಒಂದು ವಿದ್ಯೆಯಾಗಿ ಬೆಳೆಸಿ, ಅದಕ್ಕೆ ಅಂಕ ಕೊಡುವ ಪದ್ಧತಿಯನ್ನೂ ಅದಕ್ಕೆಂದೇ ಕಾರನ್ನು ಟ್ಯೂನಿಂಗ್ ಮಾಡುವ, ಅಂದರೆ ಮಾರ್ಪಡಿಸಿ ಸಿದ್ಧಪಡಿಸುವ ಗ್ಯಾರೇಜುಗಳನ್ನೂ ಅದನ್ನು ಕಲಿಸುವ ಟ್ರ್ಯಾಕುಗಳನ್ನೂ ಕಟ್ಟಿಕೊಂಡವರು ಜಪಾನೀಯರು ಎಂಬುದು ತಿಳಿದ ಮೇಲೆ, ಒಮ್ಮೆಯಾದರೂ ಅಲ್ಲಿಗೆ ಹೋಗಿ ಅದನ್ನು ಅದರ ನೆಲದಲ್ಲಿಯೇ ನೋಡಬೇಕೆಂಬ ಆಸೆ ಬಲಿಯುತ್ತ ಬಂದಿದೆ. ಈಗ ಅದಕ್ಕೆ ಬೇಕಾದ ಹಣವೂ ರಜೆಯೂ ಒಟ್ಟಿಗೆ ಒದಗುವ ಹಾಗಿದೆ.

ನನ್ನ ಗೊಂದಲ ಇಷ್ಟು. ಜನವರಿಯಲ್ಲಿ ಹೋದರೆ ಟೋಕಿಯೊ ಆಟೊ ಸಲೋನ್ ಪ್ರದರ್ಶನ ಸಿಗುತ್ತದೆ. ವಸಂತದಲ್ಲೋ ಬೇಸಿಗೆಯಲ್ಲೋ ಹೋದರೆ ಎಬಿಸು ಸರ್ಕ್ಯೂಟಿನ ಡ್ರಿಫ್ಟ್ ಉತ್ಸವ ಸಿಗಬಹುದು. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವ ಸ್ಥಿತಿಯಲ್ಲಿರುವವನು ಯಾವುದನ್ನು ಆರಿಸಬೇಕು? ಎಲ್ಲರ ವಿಡಿಯೊಗಳಲ್ಲೂ ಕಾಣುವ ದೈಕೊಕು ಪಾರ್ಕಿಂಗ್ ಏರಿಯಾ ಈಗಲೂ ಹಾಗೆಯೇ ಇದೆಯೇ? ಡ್ರಿಫ್ಟಿಂಗ್ ಹುಟ್ಟಿತೆನ್ನುವ ಘಾಟಿ ರಸ್ತೆಗಳಲ್ಲಿ ಇವತ್ತು ನೋಡಲು ಏನಾದರೂ ಉಳಿದಿದೆಯೇ? ಹೆಸರಾಂತ ಟ್ಯೂನಿಂಗ್ ಗ್ಯಾರೇಜುಗಳಿಗೆ ನಮ್ಮಂಥ ಹೊರಗಿನವರು ಹೋಗಬಹುದೇ? ಫೋಟೊ ತೆಗೆಸಿಕೊಂಡು ಬರುವುದು ನನ್ನ ಉದ್ದೇಶವಲ್ಲ. ಈ ಸಂಸ್ಕೃತಿ ಅಲ್ಲಿ ಏಕೆ ಬೇರೂರಿತು, ಯಾರ ಶ್ರಮದಿಂದ ಇನ್ನೂ ಬದುಕಿದೆ ಎಂಬುದನ್ನು ಹತ್ತಿರದಿಂದ ತಿಳಿಯಬೇಕೆಂದಿದ್ದೇನೆ. ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಬಂದರುನಗರ, ಯೊಕೊಹಾಮಾ

ನಮಸ್ಕಾರ. ನಾನು ದಾವಣಗೆರೆಯವನು, ಉದ್ಯೋಗದ ನಿಮಿತ್ತ ಯೊಕೊಹಾಮಾದಲ್ಲಿ ನೆಲೆಸಿದ್ದೇನೆ. ದೈಕೊಕು ನನ್ನ ಮನೆಗೆ ದೂರವಲ್ಲವಾದ್ದರಿಂದ ಮೊದಲು ಅದರ ವಿಷಯವನ್ನೇ ಹೇಳುತ್ತೇನೆ.

ದೈಕೊಕು ಇರುವುದು ಯೊಕೊಹಾಮಾ ಬಂದರಿನಲ್ಲಿ, ಸಮುದ್ರ ತುಂಬಿಸಿ ಮಾಡಿದ ನಡುಗಡ್ಡೆಯ ಮೇಲೆ. ಕೊಲ್ಲಿಯ ಅಂಚಿನಲ್ಲಿ ಸಾಗುವ ವಾಂಗನ್ ಎಕ್ಸ್‌ಪ್ರೆಸ್‌ವೇಗೆ ಇನ್ನೊಂದು ಮಾರ್ಗ ಬಂದು ಕೂಡುವ ಕಡೆ ಮೇಲ್ಸೇತುವೆಗಳು ಸುರುಳಿ ಸುತ್ತಿಕೊಂಡು ಇಳಿಯುತ್ತವೆ. ಆ ಸುರುಳಿಗಳ ಒಳಗೆ ಈ ತಂಗುದಾಣ ಸಿಕ್ಕಿಕೊಂಡಿದೆ. ಶೌಚಾಲಯ, ಊಟದ ಅಂಗಡಿ, ಲಾರಿ ನಿಲ್ಲಿಸುವ ಜಾಗ, ಇಷ್ಟೇ ಅದರ ಸೌಕರ್ಯ. ಎಕ್ಸ್‌ಪ್ರೆಸ್‌ವೇ ಮೇಲಿಂದಲ್ಲದೆ ಬೇರೆ ದಾರಿಯಿಲ್ಲ, ಆದ್ದರಿಂದ ರೈಲಿನಲ್ಲಿ ಬಂದು ನಡೆದು ಹೋಗುತ್ತೇನೆಂದರೆ ಸಾಧ್ಯವಿಲ್ಲ. ಅದು ಯಾರೋ ಏರ್ಪಡಿಸುವ ಕಾರ್ಯಕ್ರಮವೂ ಅಲ್ಲ. ಕೆಲಸ ಮುಗಿಸಿದವರು ತಮ್ಮ ಸ್ಪೋರ್ಟ್ಸ್ ಕಾರನ್ನು, ಸ್ಕೈಲೈನನ್ನೋ ಆರ್‌ಎಕ್ಸ್-7 ಅನ್ನೋ ಹೊರತೆಗೆದು, ಒಂದು ಸುತ್ತು ಓಡಿಸಿ, ಅಲ್ಲಿ ನಿಲ್ಲಿಸಿ, ಪರಿಚಿತರೊಂದಿಗೆ ಮಾತಾಡಿ ಮನೆಗೆ ಹೋಗುತ್ತಾರೆ. ಅದರ ಚೆಲುವು ಇರುವುದೇ ಆ ಸಹಜತೆಯಲ್ಲಿ. ಒಂದು ಕಡೆ ನೆಲಕ್ಕೆ ತಾಗುವಷ್ಟು ತಗ್ಗಿಸಿದ ದೊಡ್ಡ ಸಲೂನು ಕಾರುಗಳು, ಇನ್ನೊಂದು ಕಡೆ ಎಪ್ಪತ್ತರ ದಶಕದ ಹಳೆಯ ಕಾರುಗಳು, ಮತ್ತೊಂದು ಕಡೆ ಪುಟ್ಟ ಕೆಯಿ ಟ್ರಕ್ಕುಗಳು; ಯಾರೂ ಯಾರನ್ನೂ ಕೀಳಾಗಿ ಕಾಣುವುದಿಲ್ಲ.

ಆದರೆ ವಾರಾಂತ್ಯದ ರಾತ್ರಿಗಳಲ್ಲಿ ಜನ ಹೆಚ್ಚಿದ ಕೂಡಲೇ ಪೊಲೀಸರು ಧ್ವನಿವರ್ಧಕದಲ್ಲಿ ಪ್ರಕಟಣೆ ಹೊರಡಿಸಿ ಎಲ್ಲರನ್ನೂ ಕಳುಹಿಸಿ ತಂಗುದಾಣವನ್ನೇ ಮುಚ್ಚಿಬಿಡುತ್ತಾರೆ. ಸದ್ದು ಮಾಡಲು ಎಂಜಿನ್ ರೇಸ್ ಮಾಡುವವರೂ, ಪ್ರೇಕ್ಷಕರಿಗಾಗಿ ಟೈರು ಸುಡುವವರೂ, ಲಾರಿಗಳ ಜಾಗದಲ್ಲಿ ಕಾರು ನಿಲ್ಲಿಸುವವರೂ ಹೆಚ್ಚಾದದ್ದೇ ಇದಕ್ಕೆ ಕಾರಣ. ದಣಿದ ಲಾರಿ ಚಾಲಕನಿಗೆ ವಿಶ್ರಾಂತಿಯ ಜಾಗ ಸಿಗದೆ ಹೋಗುವುದು ಸಣ್ಣ ವಿಷಯವಲ್ಲ. ಹೀಗಾಗಿ ಪೊಲೀಸರ ಮೇಲೆ ನನಗೆ ಕೋಪವಿಲ್ಲ. ಸಂಜೆ ಬೇಗನೆ ಅಥವಾ ಭಾನುವಾರ ಬೆಳಿಗ್ಗೆ ಹೋದರೆ ನೆಮ್ಮದಿಯಾಗಿ ನೋಡಬಹುದು. ಮುಚ್ಚಿದ್ದರೆ ಟೋಕಿಯೊ ಕೊಲ್ಲಿಯ ನಡುವೆ, ಕಾವಾಸಾಕಿ ಮತ್ತು ಕಿಸಾರಾಜುಗಳನ್ನು ಜೋಡಿಸುವ ಅಕ್ವಾ-ಲೈನಿನ ಮೇಲೆ ಉಮಿಹೊತಾರು ಎಂಬ ತಂಗುದಾಣವಿದೆ. ಮಧ್ಯ ಟೋಕಿಯೊಗೆ ಹತ್ತಿರವಾದ ತಾತ್ಸುಮಿಯೂ ಇದೆ. ಆದರೆ ಪ್ರವಾಸದ ಮುಖ್ಯ ರಾತ್ರಿಯನ್ನೆಲ್ಲ ಇದರ ಮೇಲೆ ಪಣಕ್ಕಿಡಬೇಡಿ.

ಇನ್ನೊಂದು ಎಚ್ಚರಿಕೆ. ಪ್ರವಾಸಿಗರನ್ನು ಹಣಕ್ಕೆ ದೈಕೊಕುಗೆ ಕರೆದೊಯ್ಯುವವರು ಈಚೆಗೆ ಬಹಳವಾಗಿದ್ದಾರೆ. ಜಪಾನಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಳ್ಳುವ ವಾಹನಕ್ಕೆ ಹಸಿರು ನಂಬರ್ ಪ್ಲೇಟು ಇರಬೇಕು. ಸ್ವಂತ ಬಳಕೆಯ ಕಾರಿಗೆ ಬಿಳಿಯ ಪ್ಲೇಟು. ಬಿಳಿಯ ಪ್ಲೇಟಿನ ಕಾರಿನಲ್ಲಿ ಹಣ ಪಡೆದು ಕರೆದೊಯ್ಯುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯ ಆಸರೆಯೂ ಸಿಗದೆ ಹೋಗಬಹುದು.

ಘಾಟಿ ರಸ್ತೆಗಳ ಬಗ್ಗೆ ಕೇಳಿದ್ದೀರಿ. ಎಂಬತ್ತರ ದಶಕದಲ್ಲಿ ಯುವಕರು ರಾತ್ರಿಯ ಹೊತ್ತು ಜಾರಾಡುತ್ತಿದ್ದ ತಿರುವುಗಳಲ್ಲಿ ಅನೇಕ ಕಡೆ ಈಗ ರಸ್ತೆಗೆ ಅಡ್ಡಲಾಗಿ ಉಬ್ಬುಪಟ್ಟಿಗಳನ್ನು ಹಾಕಿದ್ದಾರೆ, ನಡುಗೆರೆಯ ಮೇಲೆ ಕಂಬಗಳನ್ನು ನೆಟ್ಟಿದ್ದಾರೆ. ಹಾಗಿದ್ದರೂ ಗುನ್ಮಾ ಪ್ರಾಂತ್ಯದ ಹಾರುನಾ ಮತ್ತು ಅಕಾಗಿ ಬೆಟ್ಟಗಳು, ನಿಕ್ಕೊದ ಬಳಿ 48 ತಿರುವುಗಳ ಇರೋಹಾಜಾಕಾ, ಹಾಕೋನೆಯ ಟೋಲ್ ರಸ್ತೆ, ಇವನ್ನು ಹಗಲಿನಲ್ಲಿ ನಿಯಮದ ವೇಗದಲ್ಲಿಯೇ ಓಡಿಸಿದರೂ ಬಹಳಷ್ಟು ಅರ್ಥವಾಗುತ್ತದೆ. ರಸ್ತೆ ಎಷ್ಟು ಕಿರಿದು, ಬೇಲಿ ಎಷ್ಟು ಹತ್ತಿರ, ಇಳಿಜಾರು ಎಷ್ಟು ದೀರ್ಘ ಎಂಬುದನ್ನು ಸ್ಟಿಯರಿಂಗ್ ಹಿಡಿದು ಕಂಡಾಗ, ಹೆಚ್ಚು ಶಕ್ತಿಯಿಲ್ಲದ, ಹಗುರವಾದ, ಹಿಂದಿನ ಚಕ್ರಗಳಿಂದ ಓಡುವ ಕಾರನ್ನೇ ಅಲ್ಲಿನವರು ಏಕೆ ಮೆಚ್ಚಿದರೆಂದು ಯಾರೂ ವಿವರಿಸಬೇಕಾಗಿಲ್ಲ. ಚಾರ್ಮಾಡಿ, ಆಗುಂಬೆಗಳನ್ನು ಬಲ್ಲ ನಿಮಗೆ ಅದು ಬೇಗ ಹೊಳೆಯುತ್ತದೆ.

ಉತ್ತರ: ಹಳೇ ಗ್ಯಾರೇಜು, ಹುಬ್ಬಳ್ಳಿ

ಯೊಕೊಹಾಮಾದ ಗೆಳೆಯರು ಬರೆದದ್ದು ಸರಿಯಾಗಿದೆ. ಆದರೆ ಪ್ರಶ್ನೆ ಕೇಳಿದವರು ಟ್ಯೂನಿಂಗ್ ಎಂಬ ಮಾತನ್ನೂ ಸೇರಿಸಿದ್ದಾರೆ, ಅದರ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಎಂಜಿನ್ ಬಿಚ್ಚಿ ಕಟ್ಟುವುದೇ ನನ್ನ ಜೀವನವಾದ್ದರಿಂದ ನಾನು ಜಪಾನನ್ನು ನೋಡಿದ್ದು ಆ ಕಣ್ಣಿನಿಂದ. ನನ್ನ ಅಭಿಪ್ರಾಯದಲ್ಲಿ ಮೊದಲ ಸಲ ಹೋಗುವವರು ಜನವರಿಯಲ್ಲಿಯೇ ಹೋಗಬೇಕು.

ಟೋಕಿಯೊ ಆಟೊ ಸಲೋನ್ 1983ರಲ್ಲಿ ಬೇರೆ ಹೆಸರಿನಿಂದ ಶುರುವಾದದ್ದು. ಟ್ಯೂನಿಂಗ್ ಮಾಡಿದ ಕಾರೆಂದರೆ ಪುಂಡರ ಕಾರು ಎಂದು ಸಮಾಜವೂ ಪೊಲೀಸರೂ ಭಾವಿಸಿದ್ದ ಆ ಕಾಲದಲ್ಲಿ, ಈ ಕೆಲಸದಲ್ಲಿಯೂ ಕೌಶಲವಿದೆ, ಇದು ಮುಚ್ಚಿಡಬೇಕಾದದ್ದಲ್ಲ ಎಂದು ತೋರಿಸಲು ಒಂದು ಪತ್ರಿಕೆಯ ಸುತ್ತ ಸೇರಿದ್ದ ಜನ ಅದನ್ನು ಆರಂಭಿಸಿದರು. ಇಂದು ಚಿಬಾದ ಮಾಕುಹಾರಿ ಮೆಸ್ಸೆಯಲ್ಲಿ ನಡೆಯುವ ಆ ಪ್ರದರ್ಶನಕ್ಕೆ ಟೊಯೊಟಾ, ನಿಸ್ಸಾನ್, ಹೋಂಡಾದಂಥ ತಯಾರಕರೇ ಬಂದು ಮಳಿಗೆ ಹಾಕುತ್ತಾರೆ. ಆದರೆ ದೊಡ್ಡ ಮಳಿಗೆಗಳ ದೀಪದ ಕೆಳಗೇ ನಿಂತುಬಿಡಬೇಡಿ. ಅಂಚಿನಲ್ಲಿರುವ ಸಣ್ಣ ಗ್ಯಾರೇಜುಗಳ ಮಳಿಗೆಗಳಿಗೆ ಹೋಗಿ, ಅವರು ಬಾನೆಟ್ ತೆರೆದಿಟ್ಟಿರುವ ಕಾರಿನ ಮುಂದೆ ಬಗ್ಗಿ ನಿಂತು ನೋಡಿ. ಪೈಪುಗಳ ಬಾಗು, ವೆಲ್ಡಿಂಗ್ ಗೆರೆಯ ಸಮತೆ, ವೈರು ಕಟ್ಟಿರುವ ರೀತಿ, ಇವನ್ನು ಕಂಡರೆ ಒಬ್ಬ ಮೆಕ್ಯಾನಿಕನಿಗೆ ಕಣ್ಣು ತುಂಬಿ ಬರುತ್ತದೆ. ಕೊನೆಯ ದಿನ ಸಂಜೆಗಿಂತ ಮೊದಲ ದಿನ ಬೆಳಿಗ್ಗೆ ಹೋದವರಿಗೆ ಮಾತಾಡಿಸಲು ಬಿಡುವು ಸಿಗುತ್ತದೆ.

ಈ ಕೆಲಸ ಅಲ್ಲಿ ಏಕೆ ಬೆಳೆಯಿತು ಎಂಬುದಕ್ಕೆ ಎರಡು ಕಾರಣಗಳನ್ನು ಹೇಳುತ್ತೇನೆ. 1989ರಿಂದ 2004ರವರೆಗೆ ಜಪಾನಿನ ತಯಾರಕರು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡು, ತಮ್ಮ ದೇಶದಲ್ಲಿ ಮಾರುವ ಯಾವ ಕಾರಿಗೂ 280 ಅಶ್ವಶಕ್ತಿಗಿಂತ ಹೆಚ್ಚನ್ನು ಘೋಷಿಸುತ್ತಿರಲಿಲ್ಲ. ಆದರೆ ಅವರು ತಯಾರಿಸುತ್ತಿದ್ದ ಎಂಜಿನ್‌ಗಳ ಕಸುವು ಆ ಮಿತಿಯನ್ನು ಮೀರಿತ್ತು. 1989ರ ಸ್ಕೈಲೈನ್ ಜಿಟಿ-ಆರ್ ಕಾರಿನ 2.6 ಲೀಟರಿನ ಆರ್‌ಬಿ26, ಸುಪ್ರಾ ಕಾರಿನ 3 ಲೀಟರಿನ 2ಜೆಝಡ್, ಈ ಎರಡು ಎಂಜಿನ್‌ಗಳ ಬ್ಲಾಕೂ ಎರಕದ ಕಬ್ಬಿಣದ್ದು. ಟರ್ಬೊ, ಇಂಜೆಕ್ಟರ್, ಪಿಸ್ಟನ್ನುಗಳನ್ನು ಬದಲಿಸಿ ಶಕ್ತಿಯನ್ನು ದುಪ್ಪಟ್ಟು ಮಾಡಿದರೂ ತಾಳಿಕೊಳ್ಳುತ್ತಿದ್ದವು. ಕಾರ್ಖಾನೆ ಬೇಕೆಂದೇ ನಿಲ್ಲಿಸಿದ ಕಡೆಯಿಂದ ಗ್ಯಾರೇಜು ಮುಂದುವರಿಯಿತು. ಎಚ್‌ಕೆಎಸ್‌ನಂಥ ಟ್ಯೂನಿಂಗ್ ಸಂಸ್ಥೆ ಮೌಂಟ್ ಫ್ಯೂಜಿಯ ಬುಡದ ಫುಜಿನೊಮಿಯಾದಲ್ಲಿ 1973ರಲ್ಲಿಯೇ ಆರಂಭವಾಗಿತ್ತು. ಈ ಎಂಜಿನ್‌ಗಳು ಬಂದಾಗ ಕೈಗಳು ಆಗಲೇ ಪಳಗಿದ್ದವು.

ಎರಡನೆಯದು ಕಾನೂನು. ಅಲ್ಲಿ ಶಾಕೆನ್ ಎಂಬ ತಪಾಸಣೆಯಿದೆ, ನಮ್ಮ ಎಫ್‌ಸಿ ಇದ್ದ ಹಾಗೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ, ಖಾಸಗಿ ಕಾರಿಗೂ ಅದು ತಪ್ಪಿದ್ದಲ್ಲ. ಬಹಳ ಕಟ್ಟುನಿಟ್ಟು, ದುಬಾರಿ ಕೂಡ. ಆದರೆ ನಿಯಮಗಳು ಸ್ಪಷ್ಟವಾಗಿವೆ: ನೆಲದಿಂದ ಕಾರಿನ ತಳಕ್ಕೆ ಕನಿಷ್ಠ 9 ಸೆಂಟಿಮೀಟರ್ ಅಂತರವಿರಬೇಕು, ಸೈಲೆನ್ಸರಿನ ಸದ್ದು ಇಷ್ಟನ್ನು ಮೀರಬಾರದು, ಟೈರು ಕವಚದಿಂದ ಹೊರಬರಬಾರದು. 1995ರಲ್ಲಿ ನಿಯಮಗಳನ್ನು ಸಡಿಲಿಸಿದಾಗ ಸಸ್ಪೆನ್ಷನ್, ಸೈಲೆನ್ಸರಿನಂಥ ಭಾಗಗಳನ್ನು ಕಾನೂನಿನೊಳಗೇ ಬದಲಿಸುವ ದಾರಿ ಅಗಲವಾಯಿತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ, ತಯಾರಕರು ನಮೂದಿಸಿದ ವಿವರಗಳಿಗೆ ಹೊರತಾದ ಮಾರ್ಪಾಡಿಗೆ ಜಾಗವೇ ಇಲ್ಲದಂತಾಗಿದೆ. ಸುರಕ್ಷತೆಯ ಕಾಳಜಿಯನ್ನು ನಾನು ಒಪ್ಪುತ್ತೇನೆ. ಆದರೆ ಅಳತೆಗೋಲು ಕೊಟ್ಟು ಪರೀಕ್ಷಿಸುವ ವ್ಯವಸ್ಥೆ ನಮ್ಮಲ್ಲಿಯೂ ಇದ್ದಿದ್ದರೆ ಒಳ್ಳೆಯ ಕೆಲಸಗಾರರು ಕದ್ದುಮುಚ್ಚಿ ದುಡಿಯಬೇಕಾಗಿರಲಿಲ್ಲ ಎಂದು ಮನಸ್ಸು ನೋಯುತ್ತದೆ.

ಗ್ಯಾರೇಜುಗಳ ಭೇಟಿಯ ವಿಷಯ. ಯೊಕೊಹಾಮಾದ ತ್ಸುರುಮಿಯಲ್ಲಿ ನಿಸ್ಸಾನಿನ ರೇಸಿಂಗ್ ವಿಭಾಗವಾದ ನಿಸ್ಮೊದ ಓಮೊರಿ ಕಾರ್ಖಾನೆಯಿದೆ, ಹಳೆಯ ಜಿಟಿ-ಆರ್‌ಗಳನ್ನು ಪೂರ್ತಿ ಬಿಚ್ಚಿ ಮರಳಿ ಕಟ್ಟುವುದು ಅಲ್ಲಿಯೇ. ಟೋಕಿಯೊದ ಸುಗಿನಾಮಿಯಲ್ಲಿ ಹೋಂಡಾ ಕಾರುಗಳಿಗೆ ಹೆಸರಾದ ಸ್ಪೂನ್‌ನ ಗ್ಯಾರೇಜಿದೆ. ಚಿಬಾ ಪ್ರಾಂತ್ಯದಲ್ಲಿ ರೋಟರಿ ಎಂಜಿನ್‌ಗಳ ಆರ್‌ಇ ಅಮೆಮಿಯಾ ಮತ್ತು ಟಾಪ್ ಸೀಕ್ರೆಟ್ ಇವೆ. ಇವೆಲ್ಲ ದುಡಿಯುವ ಜಾಗಗಳು. ಮುಂಚಿತವಾಗಿ ತಿಳಿಸಿ, ಕೆಲಸದ ವೇಳೆಯಲ್ಲಿ ಹೋಗಿ, ಬಾಗಿಲಲ್ಲಿ ನಿಂತು ಅನುಮತಿ ಕೇಳಿ. ಕಾರ್ಯಾಗಾರದೊಳಗೆ ತಾವಾಗಿಯೇ ಕಾಲಿಡಬೇಡಿ. ಗಿರಾಕಿಯ ಕಾರನ್ನು ಮುಟ್ಟಬೇಡಿ. ಸಣ್ಣದೊಂದು ವಸ್ತುವನ್ನಾದರೂ ಕೊಂಡು ಬನ್ನಿ, ಅವರ ಸಮಯಕ್ಕೆ ಬೆಲೆಯಿದೆ. ಇದರ ಜೊತೆಗೆ ಅಪ್ ಗ್ಯಾರೇಜ್ ಎಂಬ ಹಳೇ ಬಿಡಿಭಾಗಗಳ ಅಂಗಡಿಗಳಿಗೂ ಒಮ್ಮೆ ಹೋಗಿ ಬನ್ನಿ. ಯಾರೋ ಬಿಚ್ಚಿ ಮಾರಿದ ಸೀಟು, ಚಕ್ರ, ಟರ್ಬೊಗಳು ಬೆಲೆಚೀಟಿಯೊಂದಿಗೆ ಸಾಲಾಗಿ ಇರುತ್ತವೆ. ಕಡಿಮೆ ಸಂಬಳದ ಹುಡುಗನೊಬ್ಬ ಅಲ್ಲಿ ಹೇಗೆ ಕಾರು ಕಟ್ಟುತ್ತಾನೆ ಎಂಬುದಕ್ಕೆ ಉತ್ತರ ಆ ಅಂಗಡಿಯಲ್ಲಿದೆ.

ಉತ್ತರ: ಹಿಂಚಕ್ರ, ಮೈಸೂರು

ಹುಬ್ಬಳ್ಳಿಯ ಹಿರಿಯರ ಮಾತಿಗೆ ಪೂರ್ಣ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ಪ್ರದರ್ಶನದಲ್ಲಿ ನಿಲ್ಲಿಸಿದ ಕಾರು ಅರ್ಧ ಕಥೆಯನ್ನು ಮಾತ್ರ ಹೇಳುತ್ತದೆ. ಮೂಲ ಪ್ರಶ್ನೆಯಲ್ಲಿ ಈ ಸಂಸ್ಕೃತಿ ಯಾರ ಶ್ರಮದಿಂದ ಬದುಕಿದೆ ಎಂದು ಕೇಳಿದ್ದಾರೆ. ಆ ಶ್ರಮ ಕಾಣುವುದು ಸರ್ಕ್ಯೂಟಿನ ಹಿಂದಿನ ಅಂಗಳದಲ್ಲಿ, ಟೈರು ಬದಲಿಸುತ್ತಿರುವ ಮೊಣಕಾಲುಗಳಲ್ಲಿ. ಜನವರಿಯಲ್ಲಿ ಫುಕುಶಿಮಾದ ಬೆಟ್ಟಗಳಲ್ಲಿ ಹಿಮವಿರುತ್ತದೆ, ಆದ್ದರಿಂದ ಆ ತಿಂಗಳು ಹೋದವರಿಗೆ ಎಬಿಸು ಅದರ ನಿಜವಾದ ರೂಪದಲ್ಲಿ ಸಿಗುವುದು ಕಷ್ಟ. ನನ್ನನ್ನು ಕೇಳಿದರೆ ವಸಂತ ಅಥವಾ ಶರತ್ಕಾಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಏಕೆಂದರೆ ಹಿನ್ನೆಲೆ ತಿಳಿದು ಹೋದವರಿಗೆ ಅಲ್ಲಿ ಕಾಣುವುದೇ ಬೇರೆ. ಕುನಿಮಿತ್ಸು ತಾಕಾಹಾಶಿ ಮೊದಲು ಮೋಟಾರ್ ಸೈಕಲ್ ಸವಾರರಾಗಿದ್ದವರು. 1961ರಲ್ಲಿ ಹಾಕೆನ್‌ಹೈಮ್‌ನಲ್ಲಿ ನಡೆದ ಪಶ್ಚಿಮ ಜರ್ಮನಿಯ ಗ್ರ್ಯಾನ್ ಪ್ರಿಯಲ್ಲಿ 250 ಸಿಸಿ ಹೋಂಡಾ ಓಡಿಸಿ ಗೆದ್ದರು. ಮೋಟಾರ್ ಸೈಕಲ್ ಗ್ರ್ಯಾನ್ ಪ್ರಿ ಗೆದ್ದ ಮೊದಲ ಜಪಾನೀಯರು ಅವರೇ. ಮರುವರ್ಷ ಐಲ್ ಆಫ್ ಮ್ಯಾನ್‌ನಲ್ಲಿ ತೀವ್ರವಾಗಿ ಗಾಯಗೊಂಡು, ಮುಂದೆ ಕಾರು ಪಂದ್ಯಗಳಿಗೆ ಬಂದರು. ಸ್ಕೈಲೈನ್ ಜಿಟಿ-ಆರ್ ಓಡಿಸುತ್ತಿದ್ದ ಆ ದಿನಗಳಲ್ಲಿ, ಅಂದಿನ ಟೈರುಗಳ ಹಿಡಿತ ಸಾಲದ ಕಾರಣ, ಅವರು ಕಾರನ್ನು ತಿರುವಿಗೆ ಮುನ್ನವೇ ಓರೆಯಾಗಿಸಿ ನಾಲ್ಕೂ ಚಕ್ರ ಜಾರುತ್ತಿರುವಂತೆಯೇ ವೇಗ ಕಳೆದುಕೊಳ್ಳದೆ ದಾಟುತ್ತಿದ್ದರು. ಪ್ರೇಕ್ಷಕರಿಗೆ ಅದು ಅದ್ಭುತವಾಗಿ ಕಂಡರೂ ಅವರಿಗೆ ಅದು ಬೇಗ ಹೋಗುವ ಉಪಾಯವಾಗಿತ್ತು. ನಾಗಾನೊದ ಕಡೆಯ ಕೇಯಿಚಿ ತ್ಸುಚಿಯಾ ಎಂಬ ಯುವಕ ಅದನ್ನು ಕಂಡು ಬೆರಗಾಗಿ, ಬೆಟ್ಟದ ರಸ್ತೆಗಳಲ್ಲಿ ತಾನೂ ಅಭ್ಯಾಸ ಮಾಡಿದ. ತ್ಸುಚಿಯಾ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಕಾರು ಟೊಯೊಟಾದ ಎಇ86, 1.6 ಲೀಟರಿನ ಎಂಜಿನ್, 130 ಅಶ್ವಶಕ್ತಿ, ಅಷ್ಟೇ. ಈ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಮುಂದಿನದು: 1995ರ ಲ ಮಾನ್ಸ್ 24 ಗಂಟೆಗಳ ಪಂದ್ಯದಲ್ಲಿ ಅದೇ ತಾಕಾಹಾಶಿ, ಅದೇ ತ್ಸುಚಿಯಾ, ಜೊತೆಗೆ ಅಕಿರಾ ಈದಾ, ಮೂವರೂ ಒಂದೇ ಹೋಂಡಾ ಎನ್‌ಎಸ್‌ಎಕ್ಸ್ ಕಾರನ್ನು ಸರದಿಯಲ್ಲಿ ಓಡಿಸಿ ಜಿಟಿ2 ವಿಭಾಗವನ್ನು ಗೆದ್ದರು. ತಾಕಾಹಾಶಿ 2022ರ ಮಾರ್ಚ್‌ನಲ್ಲಿ ತೀರಿಕೊಂಡರು.

ಘಾಟಿಯಲ್ಲಿ ಬೆಳೆದದ್ದನ್ನು ಸರ್ಕ್ಯೂಟಿಗೆ ತಂದು ಅದಕ್ಕೊಂದು ಮರ್ಯಾದೆ ದೊರಕಿಸಿದ್ದು ಡಿ1 ಗ್ರ್ಯಾನ್ ಪ್ರಿ ಎಂಬ ಡ್ರಿಫ್ಟಿಂಗ್ ಸ್ಪರ್ಧೆಗಳ ಸರಣಿ. ತ್ಸುಚಿಯಾ ಮತ್ತು ಪತ್ರಿಕಾ ಸಂಪಾದಕ ದೈಜಿರೊ ಇನಾದಾ ಅವರ ಮುಂದಾಳತ್ವದಲ್ಲಿ 2000ದ ಅಕ್ಟೋಬರಿನಲ್ಲಿ ಅದರ ಮೊದಲ ಸ್ಪರ್ಧೆ ನಡೆದದ್ದು ಎಬಿಸುವಿನಲ್ಲಿಯೇ.

ಎಬಿಸು ಇರುವುದು ಫುಕುಶಿಮಾ ಪ್ರಾಂತ್ಯದ ನಿಹೊಮ್ಮಾತ್ಸು ಊರಿನ ಹೊರಗೆ, ಬೆಟ್ಟದ ಮೈಮೇಲೆ. ಪಕ್ಕದಲ್ಲಿಯೇ ತೊಹೊಕು ಸಫಾರಿ ಪಾರ್ಕ್ ಇದೆ. ಡ್ರಿಫ್ಟಿಂಗ್‌ನಲ್ಲಿ ದೊಡ್ಡ ಹೆಸರಾದ ನೊಬುಶಿಗೆ ಕುಮಾಕುಬೊ ಇದನ್ನು ನಡೆಸುತ್ತ ಬಂದವರು. ಸಾಮಾನ್ಯ ಸರ್ಕ್ಯೂಟಿನ ಹಾಗೆ ಒಂದೇ ಟ್ರ್ಯಾಕ್ ಅಲ್ಲ; ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ ಎಂದು ಬೇರೆ ಬೇರೆ ಟ್ರ್ಯಾಕುಗಳು, ಕಲಿಯುವವರಿಗೆ ಸುತ್ತಿ ಸುತ್ತಿ ಅಭ್ಯಾಸ ಮಾಡುವ ಅಂಗಳ, ಘಾಟಿ ರಸ್ತೆಯಂಥದೇ ಒಂದು ಹಾದಿ, ಎಲ್ಲವೂ ಏರುತಗ್ಗಿನಲ್ಲಿ ಹರಡಿಕೊಂಡಿವೆ. ದಕ್ಷಿಣ ಟ್ರ್ಯಾಕಿನಲ್ಲಿ ಕಾರು ಓರೆಯಾಗಿರುವಾಗಲೇ ದಿಬ್ಬದಿಂದ ಜಿಗಿದು ಇಳಿದು, ಗೋಡೆಗೆ ಗೇಣಿನ ಅಂತರದಲ್ಲಿ ಸಾಗುತ್ತದೆ. ವರ್ಷದಲ್ಲಿ ವಸಂತ, ಬೇಸಿಗೆ, ಶರತ್ಕಾಲಗಳಲ್ಲಿ ಇಲ್ಲಿ ಡ್ರಿಫ್ಟ್ ಮಾತ್ಸುರಿ, ಅಂದರೆ ಡ್ರಿಫ್ಟ್ ಉತ್ಸವ, ನಡೆಯುತ್ತದೆ. ಮಾತ್ಸುರಿಯಲ್ಲಿ ಗೆಲುವು ಸೋಲು ಇಲ್ಲ. ಜಪಾನಿನ ಮೂಲೆಮೂಲೆಗಳಿಂದ, ಆಸ್ಟ್ರೇಲಿಯಾ, ಯೂರೋಪುಗಳಿಂದ ಜನ ಬಂದು ಹಗಲಿಡೀ, ಕತ್ತಲಾದ ಮೇಲೂ ಓಡಿಸುತ್ತಾರೆ. 2021ರ ಫೆಬ್ರವರಿಯ ಭೂಕಂಪದಲ್ಲಿ ಗುಡ್ಡ ಕುಸಿದು ಇಲ್ಲಿನ ಒಂದು ಡ್ರಿಫ್ಟ್ ಹಾದಿಯೇ ಮಣ್ಣಿನಡಿ ಹೂತುಹೋಗಿತ್ತು. ಅದನ್ನು ತೆರವುಗೊಳಿಸಿ ಮತ್ತೆ ಕಾರು ಓಡುವಂತೆ ಮಾಡಿದ್ದು, ನಿಮ್ಮ ಪ್ರಶ್ನೆಗೆ ನಾನು ಕೊಡಬಲ್ಲ ಬಹಳ ನೇರವಾದ ಉತ್ತರ.

ಅಲ್ಲಿ ಹೋದಾಗ ಕೇವಲ ಹೊಗೆಯನ್ನು ನೋಡಬೇಡಿ, ಮುಂದಿನ ಚಕ್ರಗಳನ್ನು ನೋಡಿ. ಕಾರಿನ ಮೂತಿ ಎತ್ತಲೋ ಇದ್ದರೂ ಮುಂಚಕ್ರಗಳು ಕಾರು ಹೋಗಬೇಕಾದ ದಿಕ್ಕಿಗೇ ತಿರುಗಿರುತ್ತವೆ. ಜಾರುವಿಕೆಯನ್ನು ಆರಂಭಿಸುವ ಬಗೆಗಳು ಹಲವು. ಒಬ್ಬರು ಹ್ಯಾಂಡ್‌ಬ್ರೇಕ್ ಎಳೆಯುತ್ತಾರೆ; ಇನ್ನೊಬ್ಬರು ಕ್ಲಚ್ಚನ್ನು ಥಟ್ಟನೆ ಒತ್ತಿ ಬಿಟ್ಟು ಹಿಂದಿನ ಚಕ್ರಗಳಿಗೆ ಪೆಟ್ಟು ಕೊಡುತ್ತಾರೆ; ಮತ್ತೊಬ್ಬರು ಮೊದಲು ಎದುರು ದಿಕ್ಕಿಗೆ ವಾಲಿಸಿ, ಕಾರಿನ ತೂಕ ಮರಳಿ ತೂಗುವ ಗಳಿಗೆಯಲ್ಲಿ ತಿರುವಿಗೆ ಎಸೆಯುತ್ತಾರೆ. ಅಲ್ಲಿಂದ ಮುಂದೆ ಎಲ್ಲವೂ ಆಕ್ಸಿಲರೇಟರ್ ಮೇಲಿನ ಪಾದದ ಸೂಕ್ಷ್ಮದಲ್ಲಿದೆ: ಕಡಿಮೆಯಾದರೆ ಚಕ್ರಗಳಿಗೆ ಹಿಡಿತ ಮರಳಿ ಕಾರು ನೆಟ್ಟಗಾಗುತ್ತದೆ, ಹೆಚ್ಚಾದರೆ ಸುತ್ತಿಬಿಡುತ್ತದೆ. ಡಿ1ನಲ್ಲಿ ಒಬ್ಬರೇ ಓಡಿಸುವ ಸುತ್ತಿಗೆ ಈಗ ಕಾರಿನಲ್ಲಿ ಅಳವಡಿಸಿದ ಉಪಕರಣವೇ ವೇಗ ಮತ್ತು ಕೋನವನ್ನು ಅಳೆದು ಅಂಕ ಕೊಡುತ್ತದೆ. ಇಬ್ಬರು ಜೊತೆಯಾಗಿ ಓಡಿಸುವ ಸುತ್ತಿನಲ್ಲಿ ಹಿಂದಿನವರು ಮುಂದಿನವರ ಬಾಗಿಲಿಗೆ ಎಷ್ಟು ಹತ್ತಿರ, ಅದೇ ಕೋನದಲ್ಲಿ ಉಳಿದರು ಎಂಬುದೇ ಮುಖ್ಯ. ಆಮೇಲೆ ಇಬ್ಬರ ಸ್ಥಾನ ಅದಲುಬದಲು.

ಹಿಂದಿನ ಅಂಗಳದಲ್ಲಿ ನಿಲ್ಲುವ ಹೆಚ್ಚಿನ ಕಾರುಗಳು ನಿಸ್ಸಾನಿನ ಸಿಲ್ವಿಯಾ, ಟೊಯೊಟಾದ ಚೇಸರ್, ಮಾರ್ಕ್ 2ರಂಥವು. ಅಲ್ಲಲ್ಲಿ ತಗ್ಗುಬಿದ್ದು, ಬಂಪರ್ ಕಳೆದುಕೊಂಡು, ಕೇಬಲ್ ಟೈಗಳಿಂದ ಹೊಲಿದಿರುವ ಅಭ್ಯಾಸದ ಕಾರುಗಳನ್ನು ಅಲ್ಲಿ ಮಿಸೈಲ್ ಎನ್ನುತ್ತಾರೆ. ಫಳಫಳಿಸುವ ಕಾರಿಗಿಂತ ಅವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಸಿಲ್ವಿಯಾ 2002ರಲ್ಲಿ ನಿಂತುಹೋಯಿತು. ಅದೇ ವರ್ಷ ಹೊಗೆ ನಿಯಮಗಳ ಬಿಗಿಯಿಂದ ಆರ್‌ಎಕ್ಸ್-7, ಸುಪ್ರಾ, ಸ್ಕೈಲೈನ್ ಜಿಟಿ-ಆರ್ ಕೂಡ ನಿಂತವು. 25 ವರ್ಷ ದಾಟಿದ ಕಾರುಗಳನ್ನು ಅಮೆರಿಕ ಆಮದಿಗೆ ಬಿಡುವುದರಿಂದ ಇವುಗಳ ಬೆಲೆ ಜಪಾನಿನ ಹುಡುಗರ ಕೈಗೆ ಎಟುಕದಂತೆ ಏರಿದೆ. ಹೀಗಿರುವಾಗಲೂ ಇರುವ ಒಂದೇ ಕಾರನ್ನು ಮರಳಿ ಮರಳಿ ಸರಿಪಡಿಸಿ ಟ್ರ್ಯಾಕಿಗಿಳಿಸುವವರ ಮೇಲೆ ನನಗೆ ಅಪಾರ ಗೌರವವಿದೆ.

ಟೋಕಿಯೊದಿಂದ ತೊಹೊಕು ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಹಿಡಿದು ಕೊರಿಯಾಮಾದಲ್ಲಿ ಇಳಿದು, ಅಲ್ಲಿಂದ ಸ್ಥಳೀಯ ರೈಲಿನಲ್ಲಿ ನಿಹೊಮ್ಮಾತ್ಸು ತಲುಪಬಹುದು. ಮುಂದೆ ಬೆಟ್ಟದ ಮೇಲಕ್ಕೆ ಟ್ಯಾಕ್ಸಿ. ನುರಿತ ಚಾಲಕರ ಪಕ್ಕದಲ್ಲಿ ಕೂರುವ ಡ್ರಿಫ್ಟ್ ಟ್ಯಾಕ್ಸಿ ಇದೆ, ಕಲಿಸುವ ಶಾಲೆಯೂ ಇದೆ, ಬಾಡಿಗೆ ಡ್ರಿಫ್ಟ್ ಕಾರುಗಳೂ ಇವೆ. ಉದ್ದ ತೋಳಿನ ಅಂಗಿ, ಕೈಗವಸುಗಳನ್ನು ಇಲ್ಲಿಂದಲೇ ಒಯ್ಯಿರಿ. ಎಬಿಸು ದೂರವೆನಿಸಿದರೆ ತೊಚಿಗಿಯ ನಿಕ್ಕೊ ಸರ್ಕ್ಯೂಟ್, ಚಿಬಾದ ಮೊಬಾರಾ, ಒಸಾಕಾ ಕಡೆ ಇರುವುದಾದರೆ ನಾರಾ ಪ್ರಾಂತ್ಯದ ಮೇಯ್‌ಹಾನ್, ಈ ಸಣ್ಣ ಟ್ರ್ಯಾಕುಗಳಲ್ಲಿ ಸಾಮಾನ್ಯ ಅಭ್ಯಾಸದ ದಿನಗಳನ್ನು ನೋಡಬಹುದು.

ಮರುಪ್ರಶ್ನೆ: ಗಿರಿತಿರುವು, ಚಿಕ್ಕಮಗಳೂರು

ಮೂವರಿಗೂ ಮನಃಪೂರ್ವಕ ವಂದನೆಗಳು. ಹುಬ್ಬಳ್ಳಿಯ ಹಿರಿಯರ ಸಲಹೆಯನ್ನು ಮುಂದಿನ ಅವಕಾಶಕ್ಕೆ ಇಟ್ಟುಕೊಂಡು ಈ ಸಲ ವಸಂತದ ಮಾತ್ಸುರಿಗೆ ಹೋಗುವುದೆಂದು ನಿರ್ಧರಿಸಿದ್ದೇನೆ. ಗ್ಯಾರೇಜುಗಳಿಗೆ ಈಗಲೇ ಪತ್ರ ಬರೆಯುತ್ತೇನೆ. ಉಳಿದಿರುವುದು ಇದು: ದೈಕೊಕು ಮತ್ತು ಹಾಕೋನೆಗಾಗಿ ನಾನೇ ಕಾರು ಓಡಿಸಬೇಕೆಂದಿದ್ದೇನೆ. ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ? ಹಳೆಯ ಸ್ಪೋರ್ಟ್ಸ್ ಕಾರನ್ನೇ ಬಾಡಿಗೆಗೆ ಪಡೆಯಲೇ, ಸಾಮಾನ್ಯ ಕಾರು ಸಾಕೇ? ಜನರ ಕಾರುಗಳ ಚಿತ್ರ ತೆಗೆಯುವಾಗ ಪಾಲಿಸಬೇಕಾದ ನಡವಳಿಕೆ ಏನು?

ಉತ್ತರ: ಬಂದರುನಗರ, ಯೊಕೊಹಾಮಾ

ಭಾರತವೂ ಜಪಾನೂ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿರುವುದರಿಂದ, ನಿಮ್ಮ ಆರ್‌ಟಿಒ ಕಚೇರಿಯಿಂದ ಪಡೆದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲಿ ನಡೆಯುತ್ತದೆ. ಅದರೊಂದಿಗೆ ಮೂಲ ಲೈಸೆನ್ಸ್ ಮತ್ತು ಪಾಸ್‌ಪೋರ್ಟ್ ಸದಾ ಜೊತೆಯಲ್ಲಿರಲಿ. ಇಲ್ಲಿಯೂ ಎಡಬದಿಯ ಸಂಚಾರ, ಬಲಗಡೆ ಸ್ಟಿಯರಿಂಗ್. ಆದ್ದರಿಂದ ಕೈಗೆ ಹೊಸತೇನೂ ಇಲ್ಲ. ಹೊಸತಾಗಿರುವುದು ಶಿಸ್ತು. ನಗರದ ಶುತೊ ಎಕ್ಸ್‌ಪ್ರೆಸ್‌ವೇ ಮೇಲೆ ವೇಗದ ಮಿತಿ ಬಹುಪಾಲು 60 ಕಿಲೊಮೀಟರ್ ಆಸುಪಾಸಿನಲ್ಲಿಯೇ ಇರುತ್ತದೆ. ಹಾದಿ ಕವಲೊಡೆಯುವುದು ಬಹಳ ಬೇಗ, ಕೆಲವು ಕಡೆ ಬಲಗಡೆಯಿಂದಲೂ ವಾಹನಗಳು ಬಂದು ಸೇರುತ್ತವೆ. ಮೊದಲ ಸಲ ರಾತ್ರಿಯಲ್ಲಿ ಹೋಗಬೇಡಿ. ಮದ್ಯ ಸೇವಿಸಿ ಓಡಿಸಿದರೆ ಚಾಲಕನಿಗೆ ಮಾತ್ರವಲ್ಲ, ತಿಳಿದೂ ಜೊತೆಗೆ ಕೂತವರಿಗೂ ಶಿಕ್ಷೆಯಿದೆ.

ಸ್ಪೋರ್ಟ್ಸ್ ಕಾರುಗಳನ್ನೇ ಬಾಡಿಗೆಗೆ ಕೊಡುವ ಅಂಗಡಿಗಳು ಟೋಕಿಯೊ, ಚಿಬಾ, ಕಾನಾಗಾವಾಗಳಲ್ಲಿ ಇವೆ. ಹಾಕೋನೆಗೆ ಒಂದು ದಿನದ ಮಟ್ಟಿಗೆ ಅಂಥದೊಂದನ್ನು ಪಡೆಯುವುದು ಸಾರ್ಥಕ. ಎಇ86 ಆಗಲಿ, ಹೊಸ ಜಿಆರ್86 ಆಗಲಿ, ಹಗುರವಾದ ಕಾರನ್ನೇ ಆರಿಸಿಕೊಳ್ಳಿ. ಸ್ಕೈಲೈನ್ ಜಿಟಿ-ಆರ್‌ನ ಕಸುವನ್ನು ಅನುಭವಿಸಲು ಈ ರಸ್ತೆಗಳ ಮಿತಿಯೊಳಗೆ ಅವಕಾಶ ಕಡಿಮೆ. ಗೇರು ಕೈಯಿಂದ ಬದಲಿಸುವ ಕಾರೇ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ. ಒಪ್ಪಂದಪತ್ರದಲ್ಲಿ ಅಪಘಾತವಾದಾಗ ನೀವು ಭರಿಸಬೇಕಾದ ಮೊತ್ತ ಎಷ್ಟೆಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಹಳೆಯ ಕಾರುಗಳ ವಿಷಯದಲ್ಲಿ ಅದು ದೊಡ್ಡದಾಗಿರುತ್ತದೆ. ದೈಕೊಕುಗಾದರೆ ಸಾಮಾನ್ಯ ಕಾರೇ ಸಾಕು. ಬಾಡಿಗೆ ಕಾರುಗಳ ನಂಬರ್ ಪ್ಲೇಟಿನಲ್ಲಿ わ (ವ) ಎಂಬ ಜಪಾನೀ ಅಕ್ಷರ ಇರುವುದರಿಂದ ನೀವು ಪ್ರವಾಸಿಗರೆಂದು ಅಲ್ಲಿದ್ದವರಿಗೆ ತಿಳಿದೇ ಇರುತ್ತದೆ, ಅದಕ್ಕೆ ಯಾರೂ ಬೇಸರಿಸುವುದಿಲ್ಲ.

ಚಿತ್ರ ತೆಗೆಯುವ ಮುನ್ನ ಮಾಲೀಕರು ಹತ್ತಿರದಲ್ಲಿದ್ದರೆ ತಲೆಬಾಗಿ ಅನುಮತಿ ಕೇಳಿ, ಕ್ಯಾಮೆರಾ ತೋರಿಸಿದರೆ ಸಾಕು, ಅರ್ಥವಾಗುತ್ತದೆ. ಕಾರಿಗೆ ಒರಗಬೇಡಿ, ಕಿಟಕಿಯೊಳಗೆ ಇಣುಕಬೇಡಿ, ಎಂಜಿನ್ ರೇಸ್ ಮಾಡಿ ತೋರಿಸಿರೆಂದು ಯಾರನ್ನೂ ಕೋರಬೇಡಿ. ಚಿತ್ರವನ್ನು ಎಲ್ಲಾದರೂ ಹಾಕುವಾಗ ನಂಬರ್ ಪ್ಲೇಟು ಮಸುಕಾಗಿಸಿ. ಇಲ್ಲಿನವರು ತಾವೇ ಹಾಗೆ ಮಾಡುತ್ತಾರೆ. ತಂಗುದಾಣ ಮುಚ್ಚುವ ಪ್ರಕಟಣೆ ಕೇಳಿಬಂದರೆ ಆ ಕ್ಷಣವೇ ಹೊರಡಿ.

ಇನ್ನುಳಿದದ್ದು ಸಣ್ಣಪುಟ್ಟ ವಿಷಯಗಳು. ಪೆಟ್ರೋಲ್ ಬಂಕಿನಲ್ಲಿ ಕೆಂಪು ನಳಿಕೆ ಸಾಮಾನ್ಯ ಪೆಟ್ರೋಲಿನದು, ಹಳದಿ ಹೈ-ಆಕ್ಟೇನಿನದು, ಹಸಿರು ಡೀಸೆಲಿನದು. ಟರ್ಬೊ ಇರುವ ಸ್ಪೋರ್ಟ್ಸ್ ಕಾರಾದರೆ ಹಳದಿಯದನ್ನೇ ಹಾಕಿಸಿ. ಹಸಿರನ್ನು ಕಂಡು ನಮ್ಮೂರಿನ ಅಭ್ಯಾಸದಂತೆ ಕೈ ಹೋಗದಿರಲಿ. ಎಕ್ಸ್‌ಪ್ರೆಸ್‌ವೇ ಟೋಲಿಗೆ ಇಲ್ಲಿ ನಮ್ಮ ಫಾಸ್ಟ್ಯಾಗ್‌ನಂತೆಯೇ ಇಟಿಸಿ ಕಾರ್ಡ್ ಇದೆ, ಬಾಡಿಗೆ ಅಂಗಡಿಯಲ್ಲಿ ಕೇಳಿದರೆ ಕಾರಿನೊಂದಿಗೇ ಕೊಡುತ್ತಾರೆ. ಅದಿಲ್ಲದ ಕಾರಿಗೆ ಕೆಲವು ಟೋಲ್ ದ್ವಾರಗಳಲ್ಲಿ ಪ್ರವೇಶವೇ ಇಲ್ಲ. ಬೆಂಗಳೂರಿನಿಂದ ನಾರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ, ವೀಸಾ ಅರ್ಜಿಯನ್ನೂ ಬೆಂಗಳೂರಿನಲ್ಲಿಯೇ ಸಲ್ಲಿಸಬಹುದು. ಮಾತ್ಸುರಿಯ ದಿನಾಂಕ ಪ್ರಕಟವಾದ ಕೂಡಲೇ ನಿಹೊಮ್ಮಾತ್ಸು ಅಥವಾ ಕೊರಿಯಾಮಾದಲ್ಲಿ ಕೋಣೆ ಕಾಯ್ದಿರಿಸಿ. ಆ ವಾರ ಅಲ್ಲಿನ ಹೋಟೆಲುಗಳು ಬೇಗ ತುಂಬುತ್ತವೆ. ಯೊಕೊಹಾಮಾಗೆ ಬರುವ ವಾರ ಖಚಿತವಾದ ಮೇಲೆ ಇಲ್ಲಿಯೇ ಬರೆಯಿರಿ, ದೈಕೊಕುಗೆ ನಾನೂ ನನ್ನ ಕಾರಿನಲ್ಲಿ ಬರುತ್ತೇನೆ.